ಧಾರಣಿ ಏನೈತ್ರಿ?

ಬೆಲೆಯ ವಿಷಯವಾಗಿ ನನಗೆ ಮೊದಲ ಪಾಠ ಹೇಳಿದವಳು ನನ್ನ ತಾಯಿ. ಗೋಕಾಕ ಸೀಮೆಯ ಅರಭಾವಿ ನಮ್ಮೂರು. ಸಂತೆಯ ದಿನ ಅವಳು ಹಿತ್ತಲಿನ ಬದನೆಕಾಯಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು, ಗೋಣಿತಟ್ಟಿನ ಮೇಲೆ ಗುಂಪಿ ಗುಂಪಿಯಾಗಿ ಇಟ್ಟುಕೊಂಡು ಕೂಡುತ್ತಿದ್ದಳು. ಬಂದವರು “ಹೆಂಗ ಕೊಟ್ಟಿ ಯವ್ವಾ?” ಎನ್ನುವರು. “ಆಣೆಗೊಂದು ಗುಂಪಿ” ಎಂದು ಇವಳು ಹೇಳುವಳು. “ಭಾಳ ತುಟ್ಟಿ ಆತು” ಎಂಬುದು ಅವರ ಮಾತು. “ಸೋವಿ ಬೇಕಂದ್ರ ಹೊತ್ತು ಮುಳುಗೂ ಮುಂದ ಬಾ” ಎಂಬುದು ಇವಳ ಉತ್ತರ. ಕೊನೆಗೆ ಗುಂಪಿಯ ಮೇಲೆ ಎರಡು ಕಾಯಿ ಕೊಸರು ಬೀಳುತ್ತಿತ್ತು. ಇಬ್ಬರೂ ನಗುತ್ತ ಬೇರೆಯಾಗುತ್ತಿದ್ದರು. ಆ ಬೆಲೆಯನ್ನು ಇಬ್ಬರೂ ಕೂಡಿ ಕಟ್ಟಿದ್ದರು.

ಮೈಸೂರು ಸೀಮೆಯವರು ಅಗ್ಗವೆನ್ನುವುದನ್ನು ನಾವು ಸೋವಿ ಎನ್ನುತ್ತೇವೆ. ಅವರು ಕ್ರಯಪತ್ರ ಬರೆಸಿದರೆ ನಾವು ಖರೇದಿಪತ್ರ ಬರೆಸುತ್ತೇವೆ. ಬೆಲೆ ಎಂಬುದು ಈ ನೆಲದ ಹಳೆಯ ಮಾತು. ತಮಿಳಿನ ವಿಲೈ, ತೆಲುಗಿನ ವೆಲ ಅದರ ಒಡಹುಟ್ಟುಗಳು. ಕ್ರಯ, ಮೌಲ್ಯಗಳು ಸಂಸ್ಕೃತದಿಂದ ಬಂದವು. ಕಿಮ್ಮತ್ತು ಅರಬ್ಬಿಯಲ್ಲಿ ಹುಟ್ಟಿದ ಮಾತು; ಮರಾಠಿಯ ಒಡನಾಟದಲ್ಲಿ ನಮ್ಮ ನಾಲಗೆಗೆ ಒಗ್ಗಿದೆ. ಇವಲ್ಲದೆ ಪೇಟೆಯಲ್ಲಿ ಧಾರಣೆಯಿದೆ, ಸರಕಾರದ ಕಾಗದದಲ್ಲಿ ದರವಿದೆ. ಇವೆಲ್ಲ ಒಂದೇ ಅರ್ಥದ ಮಾತುಗಳೆಂದು ನಿಘಂಟು ಹೇಳಬಹುದು. ಬಳಕೆ ಹಾಗೆ ಹೇಳುವುದಿಲ್ಲ. ಮನುಷ್ಯನಿಗೆ ಬೆಲೆಯುಂಟು, ಕಿಮ್ಮತ್ತುಂಟು. ಆದರೆ ಮನುಷ್ಯನಿಗೆ ಧಾರಣೆ ಉಂಟೆಂದು ಯಾರೂ ಅನ್ನುವುದಿಲ್ಲ. ಬೆಲೆ ಕಟ್ಟುವುದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು. ಧಾರಣೆ ಮತ್ತು ದರಗಳು ಎಲ್ಲಿಯೋ ನಿಂತು ಬರುವಂಥವು.

1957ರ ಏಪ್ರಿಲ್ 1ರಂದು ಹೊಸ ನಾಣ್ಯ ಬಂದದ್ದು ನನಗೆ ನೆನಪಿದೆ. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, 192 ಪೈ. ಅಂದಿನಿಂದ 100 ನಯಾ ಪೈಸೆ. ಒಂದು ಆಣೆಯೆಂದರೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯ ನಾಣ್ಯವಿರಲಿಲ್ಲ. ತಾಯಿಯ ಆಣೆಯ ಗುಂಪಿಗೆ ಗಿರಾಕಿಗಳು ಆರು ಪೈಸೆ ಕೊಟ್ಟು ಹೋದರು. ಅದೇ ಸಂಜೆ ಅವಳು ಅಂಗಡಿಯಲ್ಲಿ ಆಣೆಯ ಉಪ್ಪು ಕೊಂಡಾಗ ಏಳು ಪೈಸೆ ಕೇಳಿದರು. “ಮಾರಿದ್ರ ಆರು, ಕೊಂಡ್ರ ಏಳು. ಇದೆಂಥಾ ಆಣೆನೋ ತಮ್ಮಾ!” ಎಂದು ಅವಳು ನನ್ನನ್ನು ಕೇಳಿದಳು. ಶಾಲೆಗೆ ಹೋಗುತ್ತಿದ್ದವನು ನಾನೊಬ್ಬನೇ, ನನ್ನಲ್ಲಿ ಉತ್ತರವಿರಲಿಲ್ಲ. 25 ಪೈಸೆಯ ನಾಣ್ಯವೂ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು. ಆದರೂ ಖಂಡಿತವಾದ ಮಾತನ್ನು ನಾವು ಹದಿನಾರಾಣೆ ಖರೆ ಎಂದೇ ಅನ್ನುತ್ತೇವೆ.

ಇನ್ನು ತಂದೆಯ ಮಾತಿಗೆ ಬರುತ್ತೇನೆ. ಅವನು ಮೂಡಲಗಿಯ ದನದ ಸಂತೆಗೆ ಎತ್ತು ಹೊಡೆದುಕೊಂಡು ಹೋದಾಗ ನಾನೂ ಹೋಗಿದ್ದೆ. ದಲಾಲನು ವಸ್ತ್ರವೊಂದನ್ನು ಕೈಮೇಲೆ ಹಾಕಿ, ಅದರ ಮರೆಯಲ್ಲಿ ತಂದೆಯ ಬೆರಳುಗಳನ್ನು ಹಿಡಿದು ಒತ್ತಿದ. ತಂದೆ ತಲೆಯಲ್ಲಾಡಿಸಿ ಅವನ ಬೆರಳುಗಳನ್ನು ತಾನು ಒತ್ತಿದ. ಒಂದು ಅಂಕೆಯೂ ಬಾಯಿಂದ ಬರಲಿಲ್ಲ. ಆದರೂ ಅಲ್ಲಿ ತಂದೆಗೆ ಮಾತಿತ್ತು. ಬೆಲ್ಲದ ಪೆಂಟಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಅಡತಿ ಅಂಗಡಿಗೆ ಹೋದಾಗ ಹಾಗಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು, “ಧಾರಣಿ ಏನೈತ್ರಿ ಸಾವಕಾರ್ರ?” ಎಂದು ಕೇಳುತ್ತಿದ್ದ. ಅವರು ಹೇಳಿದ್ದೇ ಧಾರಣೆ. ಅದರಲ್ಲಿ ಅಡತಿ, ಹಮಾಲಿ, ತೂಕದ ಕೂಲಿ ಎಲ್ಲ ಕಳೆದು ಪಟ್ಟಿ ಕೈಗೆ ಬರುತ್ತಿತ್ತು. ಆ ರೊಕ್ಕವನ್ನು ಹಿಡಿದು ಅರಿವೆ ಅಂಗಡಿಗೆ ಹೋಗಿ, ಅಲ್ಲಿಯೂ ಅದೇ ದನಿಯಲ್ಲಿ, “ಧಾರಣಿ ಏನೈತ್ರಿ?” ಎನ್ನುತ್ತಿದ್ದ. ಒಮ್ಮೆ ನಾನು ಕೇಳಿದೆ: “ಅಪ್ಪಾ, ಮಾರೂವಾಗೂ ನೀನ ಕೇಳತಿ, ಕೊಳ್ಳೂವಾಗೂ ನೀನ ಕೇಳತಿ. ಹೇಳೂದು ಯಾವಾಗ?” ಅವನು ನಕ್ಕನೇ ಹೊರತು ಉತ್ತರ ಕೊಡಲಿಲ್ಲ.

ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿಯಿತು. ಕಬ್ಬು ಹಬ್ಬಿತು, ಅದು ಗಾಣ ಬಿಟ್ಟು ಕಾರ್ಖಾನೆಯ ದಾರಿ ಹಿಡಿಯಿತು. ಧಾರಣೆಯ ಜಾಗದಲ್ಲಿ ದರ ಬಂದು ಕುಳಿತಿತು. ಮೊದಲು ಅದನ್ನು ಶಾಸನಬದ್ಧ ಕನಿಷ್ಠ ಬೆಲೆ ಎಂದರು. 2009ರಲ್ಲಿ ಹೆಸರು ಬದಲಾಗಿ ನ್ಯಾಯಯುತ ಮತ್ತು ಲಾಭದಾಯಕ ದರವಾಯಿತು. ರೈತರ ಬಾಯಲ್ಲಿ ಎಫ್.ಆರ್.ಪಿ. ನ್ಯಾಯ, ಲಾಭ ಎಂಬ ಎರಡು ದೊಡ್ಡ ಮಾತುಗಳು ಅದರಲ್ಲಿವೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಅದನ್ನು ಕ್ವಿಂಟಲಿಗೆ 355 ರೂಪಾಯಿ, ಎಂದರೆ ಟನ್ನಿಗೆ 3550 ರೂಪಾಯಿ ಎಂದು ಗೊತ್ತುಪಡಿಸಿತು. ಅದು ಶೇಕಡಾ 10.25ರ ಇಳುವರಿಗೆ ಹೇಳಿದ ದರ.

ಇಳುವರಿ ಎಂಬ ಮಾತನ್ನು ಗಮನಿಸಬೇಕು. ಒಕ್ಕಲಿಗನ ಇಳುವರಿಯೆಂದರೆ ಎಕರೆಗೆ ಎಷ್ಟು ಟನ್ನು ಬೆಳೆಯಿತು ಎಂಬುದು. ಅದನ್ನು ಅವನು ಕಣ್ಣಿನಿಂದಲೇ ಅಳೆಯಬಲ್ಲ. ಕಾರ್ಖಾನೆಯ ಇಳುವರಿಯೆಂದರೆ ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಇಳಿಯಿತು ಎಂಬುದು. ಅದನ್ನು ಅವನು ಕಾಣಲಾರ. ಒಂದೇ ಮಾತು ಗೇಟಿನ ಹೊರಗೆ ಒಂದು, ಒಳಗೆ ಇನ್ನೊಂದು.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯ ಮೇಲೆ ಕುಳಿತರು. ಟನ್ನಿಗೆ 3500 ರೂಪಾಯಿ ಕೊಡಬೇಕೆಂಬುದು ಅವರ ಬೇಡಿಕೆ. ಹೊರಗಿನವನೊಬ್ಬ ಬೆರಗಾಗಬಹುದು: ಸರಕಾರ 3550 ಎಂದಿರುವಾಗ ಇವರು 3500ಕ್ಕೆ ಜಗಳಾಡುವುದೇಕೆ? ಕಾರಣ ಬಲು ಸರಳ. ಸರಕಾರದ ದರದಲ್ಲಿ ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಕಳೆಯಬೇಕು. ರೈತರು ಕೇಳಿದ್ದು ಅದೆಲ್ಲ ಕಳೆದ ಮೇಲೆ ಕೈಗೆ ಬೀಳುವ ರೊಕ್ಕವನ್ನು. ನವೆಂಬರ್ 7ರಂದು ರಾಜ್ಯ ಸರಕಾರ 3300 ರೂಪಾಯಿಗಳನ್ನು ಘೋಷಿಸಿತು. ಹೆಚ್ಚಿಸಿದ 100 ರೂಪಾಯಿಗಳಲ್ಲಿ 50 ಕಾರ್ಖಾನೆಯವರದು, 50 ಸರಕಾರದ್ದು.

ಕೇಳಿದ್ದು 3500, ಆದದ್ದು 3300. ಕೆಲವರು ಇದನ್ನು ಗೆಲುವೆಂದರು, ಕೆಲವರು ಸೋಲೆಂದರು. ನನಗೆ ತೋರಿದ್ದು ಬೇರೆ. ಒಬ್ಬರು ಒಂದು ಅಂಕೆ ಹೇಳಿ, ಇನ್ನೊಬ್ಬರು ಇನ್ನೊಂದು ಹೇಳಿ, ನಡುವೆ ಎಲ್ಲಿಯೋ ನಿಲ್ಲುವುದಕ್ಕೆ ನಮ್ಮ ಸಂತೆಯಲ್ಲಿ ಚೌಕಾಸಿ ಎಂಬ ಹೆಸರಿದೆ. ದರಕ್ಕೆ ಒಂದೇ ಬಾಯಿ ಸಾಕು. ಚೌಕಾಸಿಗೆ ಎರಡು ಬಾಯಿ ಬೇಕು. ನನ್ನ ತಂದೆಯ ಮಕ್ಕಳು ಮೊಮ್ಮಕ್ಕಳ ವಯಸ್ಸಿನವರು ಅಲ್ಲಿ ಧಾರಣೆ ಕೇಳಲಿಲ್ಲ, ತಾವಾಗಿ ಹೇಳಿದರು.

ಆದುದರಿಂದ ನನ್ನ ಒಕ್ಕಲು ಬಂಧುಗಳಲ್ಲಿ ಒಂದು ಅರಿಕೆ. ದರವನ್ನು ಯಾರೇ ಹೇಳಲಿ, ಸುಮ್ಮನೆ ತಲೆಯಾಡಿಸಬೇಡಿರಿ. ಕಳೆಯುವ ಮುಂಚಿನದೋ, ಕಳೆದ ಮೇಲಿನದೋ ಕೇಳಿರಿ. ಯಾವ ಇಳುವರಿಗೆ, ಅಳೆದವರು ಯಾರು ಎಂದು ಕೇಳಿರಿ. ರೊಕ್ಕ ಯಾವ ದಿನ ಎಂದು ಕೇಳಿರಿ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕೆಂದು ಕಾನೂನೇ ಹೇಳಿದೆ. ಈ ಮೂರು ಪ್ರಶ್ನೆ ತಿಳಿಯದಿದ್ದರೆ ನನ್ನ ತಾಯಿಯ ಆ ಕಾಲು ಪೈಸೆ ಇನ್ನೂ ಯಾರದೋ ಗಲ್ಲೆಗೇ ಬೀಳುತ್ತಿರುತ್ತದೆ.