ಎರಡನೆಯವನು



ಮ್ಯಾನ್‌ಹೋಲ್ ದುರಂತದ ಸುದ್ದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಅವನನ್ನು ಎತ್ತಲು ಇಳಿದ ಮತ್ತೊಬ್ಬ ಕಾರ್ಮಿಕನೂ ಸತ್ತ. ಇವತ್ತು ನಾನು ಆ ಮತ್ತೊಬ್ಬನ ಬಗ್ಗೆ ಮಾತಾಡಲು ಬಂದಿದ್ದೇನೆ.

ಒಳಚರಂಡಿಯ ಕೊಳೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಮಡುಗಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗನ್ನೇ ಮರಗಟ್ಟಿಸುತ್ತದೆ; ನಾತ ನಿಂತಿತೆಂದು ಧೈರ್ಯ ತಂದುಕೊಂಡವನು ಕುಸಿಯುತ್ತಾನೆ. ತೀರ ದಟ್ಟವಾಗಿದ್ದರೆ ಒಂದೆರಡು ಉಸಿರಿಗೇ ಮುಗಿಯಿತು.

ಮೇಲೆ ನಿಂತವನಿಗೆ ಇದು ತಿಳಿಯದೆ? ಅವನ ಕಸುಬೇ ಅದು. ಆದರೆ ಕೆಳಗೆ ಬಿದ್ದವನು ಜೊತೆಗೆ ಬುತ್ತಿ ಬಿಚ್ಚುವವನು, ಎಷ್ಟೋ ಸಲ ಒಂದೇ ಕೇರಿಯವನು. ಈ ಕೆಲಸವನ್ನು ಜಾತಿ ಯಾರ ತಲೆಗೆ ಕಟ್ಟಿದೆಯೆಂದು ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆ ಇನ್ನೊಬ್ಬನಿಗಾಗಿ ಇಳಿಯುವವರು ನಮ್ಮಲ್ಲಷ್ಟೇ ಇಲ್ಲ; ಅಮೆರಿಕದ ಕಾರ್ಮಿಕ ಸುರಕ್ಷಾ ಸಂಶೋಧನಾ ಸಂಸ್ಥೆ 1986ರಲ್ಲಿ ಕೊಟ್ಟ ಎಚ್ಚರಿಕೆ ನೋಡಿ: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಹೋದವರು. 2015ರ ನವೆಂಬರ್‌ನಲ್ಲಿ ಕೋಳಿಕ್ಕೋಡಿನಲ್ಲಿ ಆಂಧ್ರದ ಇಬ್ಬರು ಕಾರ್ಮಿಕರು ಮ್ಯಾನ್‌ಹೋಲಿನಲ್ಲಿ ಸಿಕ್ಕಿಬಿದ್ದಾಗ, ಅವರ ಭಾಷೆಯವನೂ ಕಸುಬಿನವನೂ ಅಲ್ಲದ ಆಟೋ ಚಾಲಕನೊಬ್ಬ ಇಳಿದ. ಮೂವರೂ ತೀರಿಕೊಂಡರು.

ಇದನ್ನು ಹುಂಬತನ ಎನ್ನುವವರಿದ್ದಾರೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. ಅಷ್ಟು ಧೈರ್ಯ ತೋರಿಸುವ ಪ್ರಮೇಯವೇ ಯಾಕೆ ಬಂತೆಂದು ಅವರು ಕೇಳುವುದಿಲ್ಲ.

ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಹಾರ ಸಾವಿನ ನಂತರದ್ದು. ಬದುಕಿದ್ದಾಗ ಬೇಕಾದದ್ದು ಮೊದಲು ಅನಿಲ ಅಳೆಯುವ ಸಾಧನ. ಆಮೇಲೆ ಗುಂಡಿಯ ಬಾಯಿಗೊಂದು ಮುಕ್ಕಾಲಿ, ಅದಕ್ಕೆ ರಾಟೆ, ಇಳಿಯುವವನ ಎದೆಗೆ ಬೆಲ್ಟು, ಬೆಲ್ಟಿಗೆ ಹಗ್ಗ.

ಸುರಕ್ಷತೆಯ ನಿಯಮವೊಂದಿದೆ: ಹೊರಗೆ ಕಾವಲಿಗೆ ನಿಂತವನು ಏನೇ ಆದರೂ ಒಳಗಿಳಿಯಕೂಡದು. ಹಗ್ಗ ಕಟ್ಟಿದ್ದರೆ ಅದನ್ನು ಪಾಲಿಸಬಹುದು. ರಾಟೆ ತಿರುಗಿಸಿದರೆ ಗೆಳೆಯ ಮೇಲೆ ಬರುತ್ತಾನೆ. ಹಗ್ಗವನ್ನೇ ಕೊಡದೆ ಕಳಿಸಿದ ಕಡೆ, ಆ ನಿಯಮದ ಅರ್ಥ ಗೆಳೆಯ ಸಾಯುವುದನ್ನು ನೋಡುತ್ತ ನಿಲ್ಲು ಎಂದಷ್ಟೇ. ಅವನಿಗೆ ಅದು ಆಗುವುದಿಲ್ಲ. ಚಪ್ಪಲಿ ಬಿಟ್ಟು ಇಳಿಯುತ್ತಾನೆ.