ಚಿಟಿಕೆ ಇದ್ದಿಲು, ಹತ್ತು ಗುಂಟೆ ನೆಲ



ನಮ್ಮೂರು ಹುಂಚದ ಸೀಮೆ, ಹೊಸನಗರ ತಾಲ್ಲೂಕು. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಬಂದು ಹೋದವರಿಗೆ ಊರಿನ ಗುರುತು ಹೇಳಬೇಕಾಗಿಲ್ಲ. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯನ್ನೂ ಅಮ್ಮನವರ ಲಕ್ಕಿ ಗಿಡವನ್ನೂ ಎಷ್ಟೋ ಮಂದಿ ನೋಡಿರುತ್ತೀರಿ. ಚಿಕ್ಕಂದಿನಲ್ಲಿ ನನಗೆ ಇವೆಲ್ಲಕ್ಕಿಂತ ಕುತೂಹಲ ಇದ್ದದ್ದು ಬಾವಿಕಟ್ಟೆಯ ಮೇಲೆ. ಯಾತ್ರೆಗೆ ಬಂದ ಜೈನ ಹಿರಿಯರು ಸೇದಿದ ನೀರನ್ನು ಹಾಗೇ ಕುಡಿಯುತ್ತಿರಲಿಲ್ಲ. ಬಿಂದಿಗೆಯ ಬಾಯಿಗೆ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಅದರ ಮೇಲೆ ನಿಧಾನವಾಗಿ ನೀರು ಹೊಯ್ದು, ಶೋಧಿಸಿಯೇ ಕುಡಿಯುತ್ತಿದ್ದರು. ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ ನನಗೆ ಒಂದೇ ಅನುಮಾನ. ಕಸ, ಹುಳ ಬಟ್ಟೆಯಲ್ಲಿ ನಿಲ್ಲುತ್ತದೆ, ಸರಿ. ನೀರಿನಲ್ಲಿ ಬಣ್ಣ ಕರಗಿದ್ದರೆ? ವಾಸನೆ ಕರಗಿದ್ದರೆ? ಆಗ ಬಟ್ಟೆ ಏನು ಮಾಡೀತು?

ಇವತ್ತಿನ ಮಾತು ಆ ಅನುಮಾನದ ಹಿಂದೆ ಹೊರಟದ್ದು. ಕರಗಿ ಹೋದ ಕೊಳೆಯನ್ನು ಮತ್ತೆ ಹೊರಗೆ ಎಳೆಯುವ ವಿದ್ಯೆಯ ಕಥೆ. ಅದರಲ್ಲೂ ನೀರಿಗಿಂತ ಹೆಚ್ಚಾಗಿ ದ್ರಾವಕಗಳ ಕಥೆ. ಸ್ಪಿರಿಟ್ಟು, ಸೀಮೆಎಣ್ಣೆ, ಪೇಂಟಿಗೆ ಬೆರೆಸುವ ತಿನ್ನರು, ಉಗುರಿನ ಬಣ್ಣ ಅಳಿಸುವ ಅಸಿಟೋನು, ಇವಕ್ಕೆಲ್ಲ ರಸಾಯನಶಾಸ್ತ್ರದಲ್ಲಿ ಸಾವಯವ ದ್ರಾವಕ ಎಂದು ಹೆಸರು. ಸಾವಯವ ಎಂದೊಡನೆ ಸಂತೆಯ ಸಾವಯವ ಬೆಲ್ಲ ನೆನಪಾದರೆ ತಪ್ಪಿಲ್ಲ. ಆದರೆ ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇಲ್ಲಿ ಸಾವಯವ ಎಂದರೆ ಇಂಗಾಲದ ಸಂಸಾರಕ್ಕೆ ಸೇರಿದ್ದು. ಅಡಿಗೆಮನೆಗೆ ನೀರು ಹೇಗೋ ಔಷಧಿ ಕಾರ್ಖಾನೆಗೆ, ಬಣ್ಣದ ಕಾರ್ಖಾನೆಗೆ ಇವು ಹಾಗೆ. ನೀರು ಕೆಟ್ಟರೆ ಸಾರು ಕೆಟ್ಟಂತೆ ದ್ರಾವಕ ಕೆಟ್ಟರೆ ಔಷಧಿಯೂ ಕೆಡುತ್ತದೆ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನಾನೊಂದು ಆಟ ತೋರಿಸುತ್ತಿದ್ದೆ. ಅಡಿಕೆ ಬೇಯಿಸುವ ಕಾಲದಲ್ಲಿ ಮನೆಯಿಂದ ಒಂದು ಬಾಟಲಿ ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ರಸ, ಒಯ್ಯುವುದು. ಮಲೆನಾಡಿನವರಿಗೆ ಚೊಗರಿನ ಗುಣ ಗೊತ್ತು. ಪಂಚೆಯ ಮೇಲೆ ಒಂದು ಹನಿ ಬಿದ್ದರೆ ಪಂಚೆ ಹರಿದರೂ ಕಲೆ ಹೋಗದು. ಆ ಚೊಗರನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಎರಡು ಗಾಜಿನ ಲೋಟಕ್ಕೆ ಹಾಕುತ್ತಿದ್ದೆ. ಒಂದು ಲೋಟದ್ದನ್ನು ಬಟ್ಟೆಯಲ್ಲಿ ಸೋಸಿದರೆ ಕೆಂಪು ಹಾಗೆಯೇ ಕೆಳಗಿಳಿಯುತ್ತಿತ್ತು. ಇನ್ನೊಂದಕ್ಕೆ ಕ್ರಿಯಾಶೀಲ ಇದ್ದಿಲಿನ ಪುಡಿ ಒಂದೆರಡು ಚಮಚ. ಲೋಟವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತಿತ್ತು. ಚೆನ್ನಾಗಿ ಕಲಕಿ, ಅರ್ಧ ಗಂಟೆ ಬಿಟ್ಟು, ಸೋಸುಕಾಗದದಲ್ಲಿ ಇಳಿಸಿದರೆ ತೊಟ್ಟಿಕ್ಕುವ ನೀರು ಎಳನೀರಿನಷ್ಟು ತಿಳಿ. ಕಪ್ಪು ಹಾಕಿ ಬಿಳಿ ತೆಗೆದರಲ್ಲ ಸಾರ್ ಎಂದು ಹುಡುಗರು ನಗುತ್ತಿದ್ದರು.

ಸೋಸುವುದೇ ಬೇರೆ, ಇದೇ ಬೇರೆ. ಬಟ್ಟೆಗೆ ಗೊತ್ತಿರುವುದು ದೊಡ್ಡದು ಚಿಕ್ಕದು ಎಂಬ ಲೆಕ್ಕ ಮಾತ್ರ. ಇದ್ದಿಲು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಚೊಗರಿನ ಬಣ್ಣದ ಕಣಕ್ಕೆ ನೀರಿನ ಸಹವಾಸಕ್ಕಿಂತ ಇಂಗಾಲದ ಮೈ ಹೆಚ್ಚು ಹಿತ. ಹೋಗಿ ಅಂಟಿಕೊಂಡಿತು ಎಂದರೆ ಮುಗಿಯಿತು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಚಿಂದಿ ಬಟ್ಟೆ ನೀರು ಹೀರುವ ಹಾಗೆ ಒಳಗೆಲ್ಲ ತುಂಬಿಕೊಳ್ಳುವುದು ಒಂದು ಬಗೆ. ಮೇಲ್ಮೈಗೆ ಮಾತ್ರ ಹತ್ತಿಕೊಳ್ಳುವುದು ಇನ್ನೊಂದು ಬಗೆ. ಎರಡಕ್ಕೂ ಬೇರೆ ಬೇರೆ ಹೆಸರು ಬೇಕೆಂದು ಜರ್ಮನಿಯ ಹೈನ್‌ರಿಕ್ ಕೈಸರ್ ಇದರ ಮೂಲ ಪದವನ್ನು ಬಳಕೆಗೆ ತಂದದ್ದು 1881ರಲ್ಲಿ.

ಮೇಲ್ಮೈ ಅಂದೆ. ಎಷ್ಟು ಮೇಲ್ಮೈ? ಒಳ್ಳೆಯ ಕ್ರಿಯಾಶೀಲ ಇದ್ದಿಲು ಒಂದು ಗ್ರಾಂ ತೆಗೆದುಕೊಳ್ಳಿ, ಒಂದು ಚಿಟಿಕೆ. ಅದರ ಒಳಗಿನ ಸಂದುಗೊಂದುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್. ನಮ್ಮ ಪಹಣಿಯ ಲೆಕ್ಕದಲ್ಲಿ ಹತ್ತು ಗುಂಟೆ. ಹತ್ತು ಗುಂಟೆ ತೋಟವನ್ನು ಮಡಿಸಿ ಮಡಿಸಿ ಚಿಟಿಕೆಯಲ್ಲಿ ಇಟ್ಟ ಹಾಗೆ. ಅಂಟಿಕೊಳ್ಳಲು ಅಷ್ಟು ಜಾಗ ಇರುವುದರಿಂದಲೇ ಈ ಆಟ ನಡೆಯುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಯಾರಿಗೆ? ಇದ್ದಿಲು ಗಾಳಿಯನ್ನು ಹಿಡಿದಿಡುತ್ತದೆ ಎಂದು ಸ್ವೀಡನ್ನಿನ ಶೀಲೆ 1773ರಲ್ಲೇ ಗಮನಿಸಿದ್ದ. ದ್ರವದ ವಿಷಯ ತಿಳಿದದ್ದು 1785ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತೋಬಿಯಾಸ್ ಲೋವಿಟ್ಸ್ ಎಂಬ ಔಷಧಿಕಾರ ಟಾರ್ಟಾರಿಕ್ ಆಮ್ಲದ ಹರಳು ತೆಗೆಯಲು ಒದ್ದಾಡುತ್ತಿದ್ದ. ದ್ರಾವಣ ಕಾಯಿಸಿದಷ್ಟೂ ಕಂದಾಗುತ್ತಿತ್ತು. ಇದ್ದಿಲ ಪುಡಿ ಸೇರಿದಾಗ ಆ ಕಂದು ಮಾಯವಾದದ್ದನ್ನು ಆತ ಕಂಡ. ಆಮೇಲೆ ಕೈಗೆ ಸಿಕ್ಕಿದ್ದಕ್ಕೆಲ್ಲ ಇದ್ದಿಲು ಹಾಕಿ ನೋಡಿದ. ಧಾನ್ಯದ ಸಾರಾಯಿಗೂ ಹಾಕಿದ, ಅದರ ಕೆಟ್ಟ ವಾಸನೆ ಇಳಿಯಿತು. ಸಾವಯವ ದ್ರಾವಕವೊಂದನ್ನು ಇದ್ದಿಲಿನಿಂದ ಚೊಕ್ಕ ಮಾಡುವ ಕೆಲಸಕ್ಕೆ ಬುನಾದಿ ಬಿದ್ದದ್ದು ಹೀಗೆ, ಸಾರಾಯಿ ಪೀಪಾಯಿಯಲ್ಲಿ. ಮುಂದೆ ಯುರೋಪಿನ ಸಕ್ಕರೆ ಕಾರ್ಖಾನೆಗಳು ಎಲುಬಿನ ಇದ್ದಿಲು ಬಳಸಿ ಸಕ್ಕರೆಯನ್ನು ಬೆಳ್ಳಗೆ ಮಾಡಿದವು. ನಮ್ಮ ಆಲೆಮನೆಗಳಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಕೊಳೆ ಎತ್ತುವ ಹದ ಇನ್ನೊಂದು ದಾರಿಯದು. ಲೋಳೆ ಕೊಳೆಯನ್ನು ಕೂಡಿಸಿ ಮೇಲೆ ತೇಲಿಸುತ್ತದೆ. ಕರಗಿದ ಬಣ್ಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಈಗ ನಾನು ಕೂತು ಮಾತಾಡುತ್ತಿರುವ ಭದ್ರಾವತಿಗೆ ಬರೋಣ. ಬೆಂಕಿಪುರ ಎಂಬ ಹಳೆಯ ಹೆಸರು ಈ ಊರಿಗೆ ಎಷ್ಟು ಒಪ್ಪುತ್ತಿತ್ತು! ಹುಂಚದ ಐತಿಹ್ಯದಲ್ಲಿ ಜಿನದತ್ತರಾಯ ತಂದ ದೇವಿಯ ವಿಗ್ರಹ ಮುಟ್ಟಿಸಿದರೆ ಕಬ್ಬಿಣ ಹೊನ್ನಾಗುತ್ತಿತ್ತು. ಭದ್ರಾವತಿಯಲ್ಲಿ ಕಾಡು ಕಬ್ಬಿಣವಾಯಿತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಅದರ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಆ ಇದ್ದಿಲಿಗಾಗಿ ಮರ ಬಟ್ಟಿ ಇಳಿಸುವ ಘಟಕವನ್ನೇ ಹೂಡಿದ್ದರು. ಕಾಡಿನ ಮರವನ್ನು ಒಣಗಿಸಿ, ಗಾಳಿ ತಾಗದಂತೆ ಮುಚ್ಚಿದ ಕಬ್ಬಿಣದ ಗೂಡಿನಲ್ಲಿ ಕಾಯಿಸುವುದು. ಒಳಗೆ ಇದ್ದಿಲು ಉಳಿಯುತ್ತದೆ. ಹೊಗೆ ಹೊರಗೆ ಬಂದು ತಣಿದು ಕಂದು ರಸವಾಗುತ್ತದೆ. ಆ ರಸದಲ್ಲಿ ಟಾರು, ವಿನಿಗರಿನ ಆಮ್ಲ, ಜೊತೆಗೆ ಮರದ ಸ್ಪಿರಿಟ್, ಅಂದರೆ ಮೆಥನಾಲ್. ಆಮ್ಲಕ್ಕೆ ಸುಣ್ಣ ಕೂಡಿಸಿ ಕ್ಯಾಲ್ಸಿಯಂ ಅಸಿಟೇಟ್ ಮಾಡುವುದು, ಸ್ಪಿರಿಟ್ಟನ್ನು ಮತ್ತೆ ಬಟ್ಟಿ ಇಳಿಸುವುದು.

ಮರದ ಸ್ಪಿರಿಟ್ಟು ಮೊದಲ ಇಳಿತದಲ್ಲಿ ಚೊಕ್ಕವಾಗಿ ಬರುವ ವಸ್ತುವಲ್ಲ. ಹೊಗೆಯ ನಾತ, ಹಳದಿ ಬಣ್ಣ, ಕುದಿಯುವ ಬಿಂದುವಿನಲ್ಲಿ ತನ್ನ ಆಸುಪಾಸಿನಲ್ಲೇ ಇರುವ ಅಸಿಟೋನಿನಂಥ ನೆಂಟರು. ಜೊತೆಜೊತೆಗೇ ಕುದಿಯುವವರನ್ನು ಕುದಿಸಿ ಬೇರೆ ಮಾಡುವುದು ಕಷ್ಟ. ಅಂಥ ಕಡೆಯೇ ಮೈಗೆ ಅಂಟಿಸಿಕೊಳ್ಳುವ ವಿದ್ಯೆ ಕೈ ಹಿಡಿಯುವುದು. ನನಗೆ ಸೋಜಿಗ ಎನಿಸುವುದು ಇದು: ಒಂದೇ ಗೂಡಿನಿಂದ ಕೊಳೆಯಾದ ದ್ರಾವಕವೂ ಹೊರಬಂತು, ಕೊಳೆ ತೊಳೆಯಬಲ್ಲ ಇದ್ದಿಲೂ ಹೊರಬಂತು. ಆದರೆ ಭದ್ರಾವತಿಯ ಇದ್ದಿಲಿಗೆ ಕುಲುಮೆ ಬಾಯಿ ತೆರೆದು ಕಾಯುತ್ತಿತ್ತು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಅನಿಲಗಳನ್ನು ಒತ್ತಿ ಮರವೇ ಇಲ್ಲದೆ ಮೆಥನಾಲ್ ತಯಾರಿಸತೊಡಗಿತು. ನಮ್ಮ ಮರದ ಸ್ಪಿರಿಟ್ಟು ಹುಟ್ಟುವಾಗಲೇ ಅದಕ್ಕೊಬ್ಬ ದಾಯಾದಿ ಹುಟ್ಟಿದ್ದ.

ಒಲೆಯ ಇದ್ದಿಲಿಗೂ ಕ್ರಿಯಾಶೀಲ ಇದ್ದಿಲಿಗೂ ವ್ಯತ್ಯಾಸ ಬಹಳ. ಒಲೆಯದ್ದರ ಸಂದುಗಳಲ್ಲಿ ಟಾರು ಕಟ್ಟಿಕೊಂಡಿರುತ್ತದೆ. ಅದನ್ನು 800-900 ಡಿಗ್ರಿಯಲ್ಲಿ ಹಬೆ ಹಾಯಿಸಿ ತೆರೆಯಬೇಕು. ಈ ಉಪಾಯಕ್ಕೆ ರಫಾಯಿಲ್ ಒಸ್ಟ್ರೇಕೊ ಎಂಬಾತ 1900ರ ಹೊತ್ತಿಗೆ ಹಕ್ಕುಪತ್ರ ಪಡೆದ. ಜನಕ್ಕೆ ಅದರ ಬೆಲೆ ತಿಳಿದದ್ದು ಯುದ್ಧದಲ್ಲಿ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್‌ ಬಳಿ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟ ಮೇಲೆ ಸೈನಿಕರ ಮುಖವಾಡದೊಳಗೆ ಇದ್ದಿಲು ಸೇರಿತು. ಅದಕ್ಕೆ ತೆಂಗಿನ ಗರಟೆಯ ಇದ್ದಿಲು ಶ್ರೇಷ್ಠ ಎಂದು ಕಂಡುಕೊಂಡರು. ಗರಟೆ ಗಟ್ಟಿ, ಅದರ ಸಂದುಗಳು ಬಲು ಸಣ್ಣ. ನಮ್ಮ ಬಚ್ಚಲೊಲೆಗೆ ಹಾಕುವ ಗರಟೆ!

ಯುದ್ಧಕ್ಕೂ ಮೊದಲು, 1903ರಲ್ಲಿ, ವಾರ್ಸಾದಲ್ಲಿ ಮಿಖಾಯಿಲ್ ತ್ಸ್ವೆತ್ ಎಂಬ ಸಸ್ಯವಿಜ್ಞಾನಿ ಒಂದು ಚೆಂದದ ಕೆಲಸ ಮಾಡಿದ. ಗಾಜಿನ ಕೊಳವೆಗೆ ಸೀಮೆಸುಣ್ಣದಂಥ ಪುಡಿ ತುಂಬಿ, ಪೆಟ್ರೋಲಿಯಂ ದ್ರಾವಕದಲ್ಲಿ ಕರಗಿಸಿದ ಎಲೆಯ ರಸವನ್ನು ಮೇಲಿಂದ ಬಿಟ್ಟ. ಪುಡಿಗೆ ಬಿಗಿಯಾಗಿ ಅಂಟುವ ಬಣ್ಣ ಮೇಲೆ ನಿಂತಿತು, ಸಡಿಲವಾಗಿ ಅಂಟುವುದು ಕೆಳಗಿಳಿಯಿತು. ಒಂದೇ ಹಸಿರು ಎಂದುಕೊಂಡದ್ದು ಹಸಿರು, ಹಳದಿ ಪಟ್ಟೆಗಳಾಗಿ ಬಿಡಿಸಿಕೊಂಡಿತು. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ. ಹೆಸರಿಗೆ ತಕ್ಕ ಕೆಲಸ. ಆತ ಎಲೆಗಾಗಿ ದ್ರಾವಕ ಬಳಸಿದ. ಇವತ್ತು ದ್ರಾವಕವನ್ನೇ ಚೊಕ್ಕ ಮಾಡಲು ಅಂಥದೇ ಕೊಳವೆ ನಿಂತಿದೆ.

ಈ ವಿದ್ಯೆ ನಮ್ಮ ಊರುಗಳಿಗೆ ಕಳ್ಳದಾರಿಯಲ್ಲೂ ಬಂತು. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ನೆನಪಿದೆಯೆ? ಬಡವರ ಸೀಮೆಎಣ್ಣೆ ಕಾಳಸಂತೆಗೆ ಹೋಗದಿರಲಿ ಎಂದು ಹಾಕಿದ ಬಣ್ಣ ಅದು. ಕಲಬೆರಕೆಯವರು ಜೇಡಿಮಣ್ಣು, ಇದ್ದಿಲು ಹಾಯಿಸಿ ಆ ನೀಲಿಯನ್ನು ಇಳಿಸಿ ಡೀಸೆಲ್‌ಗೆ ಬೆರೆಸುತ್ತಿದ್ದರು. ಅದಕ್ಕೇ 2006ರಲ್ಲಿ ಸರ್ಕಾರ ಕಣ್ಣಿಗೆ ಕಾಣದ ಇನ್ನೊಂದು ಗುರುತನ್ನು ಬೆರೆಸಬೇಕಾಯಿತು. ತೊಳೆಯುವ ಕೈ ಯಾರದು ಎಂದು ಇದ್ದಿಲು ಕೇಳುವುದಿಲ್ಲ.

ಪ್ರಯೋಗಶಾಲೆಗಳ ತಲೆನೋವು ಬೇರೆ. ಅಲ್ಲಿ ದ್ರಾವಕದ ದೊಡ್ಡ ಕೊಳೆ ಎಂದರೆ ನೀರು. ಹೌದು, ನೀರೇ! ಹನಿ ನೀರಿದ್ದರೂ ಕೆಲವು ಕ್ರಿಯೆಗಳು ನಿಂತು ಹೋಗುತ್ತವೆ. ನಾನು ಕಲಿಯುವ ಕಾಲದಲ್ಲಿ ಈಥರ್ ಜಾತಿಯ ದ್ರಾವಕಕ್ಕೆ ಸೋಡಿಯಂ ಲೋಹದ ಚೂರು ಹಾಕಿ, ಬೆಂಜೊಫಿನೋನ್ ಬೆರೆಸಿ ಕುದಿಸುತ್ತಿದ್ದೆವು. ನೀರು ಪೂರ್ತಿ ಹೋದಾಗ ಕಡು ನೀಲಿ ಬರುತ್ತಿತ್ತು, ನೇರಳೆ ಹಣ್ಣಿನ ರಸದಂತೆ. ನೋಡಲು ಸೊಗಸು, ಕಾಯಲು ಭಯ. ಒಂದು ಮಧ್ಯಾಹ್ನ ತಣಿಸುವ ನೀರು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ಭುಗ್ಗೆಂದದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು. ಮರಳಿನ ಬಕೆಟ್ಟು ಹತ್ತಿರ ಇದ್ದುದರಿಂದ ನನ್ನ ಹುಬ್ಬಿನ ಕೂದಲಷ್ಟೇ ಹೋದವು.

1996ರಲ್ಲಿ ಅಮೆರಿಕದ ರಾಬರ್ಟ್ ಗ್ರಬ್ಸ್ ಮತ್ತು ಜೊತೆಗಾರರು ಬೆಂಕಿಯಿಲ್ಲದ ದಾರಿಯೊಂದನ್ನು ಪ್ರಕಟಿಸಿದರು. ಅಲ್ಯೂಮಿನಾ ತುಂಬಿದ ಉಕ್ಕಿನ ಕೊಳವೆಯಲ್ಲಿ ದ್ರಾವಕವನ್ನು ಹಾಯಿಸಿದರೆ ನೀರು ಅದರ ಮೈಗೆ ಅಂಟಿ ನಿಲ್ಲುತ್ತದೆ. ಕೆಲವು ದ್ರಾವಕಗಳಿಗೆ ಇನ್ನೊಂದು ಕೊಳವೆ, ಅದರಲ್ಲಿ ತಾಮ್ರ, ಆಮ್ಲಜನಕ ಹಿಡಿಯಲು. ಒಲೆ ಇಲ್ಲ, ಸೋಡಿಯಂ ಇಲ್ಲ. ನಲ್ಲಿ ತಿರುಗಿಸಿದರೆ ಒಣ ದ್ರಾವಕ.

ನಿಮ್ಮ ಬೈಕಿನ ಟ್ಯಾಂಕಿನಲ್ಲೂ ಈ ಕಥೆಯ ಒಂದು ತುಣುಕಿದೆ. ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಲ್ಲ, ಆ ಎಥನಾಲ್ ಒಣಗಿರಬೇಕು, ನೀರಿರಬಾರದು. ಆದರೆ ಎಷ್ಟು ಸಲ ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ 95.6ರ ಹತ್ತಿರ ಅದು ಹಟ ಹಿಡಿದು ನಿಲ್ಲುತ್ತದೆ. ಉಳಿದ ನೀರು ಅದರ ಜೊತೆಗೇ ಆವಿಯಾಗುತ್ತದೆ. ಆಗ ಬೇಕಾಗುವುದು ಅಣು ಜರಡಿ, ಜಿಯೊಲೈಟ್ ಎಂಬ ಖನಿಜದ ಜಾತಿ. ಅಮೆರಿಕದಲ್ಲಿ ಯೂನಿಯನ್ ಕಾರ್ಬೈಡ್‌ನ ರಾಬರ್ಟ್ ಮಿಲ್ಟನ್ ಇದನ್ನು ಕೃತಕವಾಗಿ ತಯಾರಿಸಿದ, 1954ರಲ್ಲಿ ಅದು ಮಾರಾಟಕ್ಕೆ ಬಂತು. ನೋಡಲು ಸಾಬಕ್ಕಿಯಂಥ ಗುಂಡುಗಳು. ಅದರ ಕಂಡಿಯಲ್ಲಿ ನೀರಿನ ಅಣು ನುಸುಳುತ್ತದೆ, ಎಥನಾಲ್‌ನ ಅಣು ನುಸುಳಲಾರದು. ಒಳಹೊಕ್ಕ ನೀರು ಒಳಗೋಡೆಗೆ ಅಂಟುತ್ತದೆ. ನಾಲ್ಕು ಒಣ ಗುಂಡುಗಳ ಮೇಲೆ ನೀರು ಹನಿಸಿದರೆ ಚುರ್ ಎನ್ನುವಷ್ಟು ಬಿಸಿ ಏಳುತ್ತದೆ, ಸುಟ್ಟ ಸುಣ್ಣಕ್ಕೆ ನೀರು ಬಿದ್ದಂತೆ. ನಮ್ಮ ಉತ್ತರದ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಎಥನಾಲ್ ಇಂಥ ಜರಡಿಯನ್ನು ಹಾಯ್ದೇ ಟ್ಯಾಂಕರ್ ಏರುವುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಹತ್ತು ಗುಂಟೆಯೂ ಒಂದು ದಿನ ತುಂಬುತ್ತದೆ. ತುಂಬಿದ ಇದ್ದಿಲನ್ನು ಏನು ಮಾಡುವುದು? ಅಂಟಿದ್ದು ನಾಶವಾಗಿಲ್ಲ, ಮನೆ ಬದಲಾಯಿಸಿದೆ ಅಷ್ಟೆ. ಜರಡಿಯನ್ನು ಕಾಯಿಸಿ ನೀರು ಓಡಿಸಿ ಮತ್ತೆ ಬಳಸಬಹುದು. ಇದ್ದಿಲನ್ನೂ ಗೂಡಿಗೆ ಹಾಕಿ ಹೊಸದು ಮಾಡಬಹುದು. ಅದಕ್ಕೆ ಖರ್ಚಿದೆ. ಖರ್ಚಿಗೆ ಹೆದರಿದವರು ರಾತ್ರಿ ಹೊತ್ತು ಹಳ್ಳದ ದಂಡೆಗೆ ಸುರಿದರೆ, ಚೊಕ್ಕವಾದ ದ್ರಾವಕ ಕಾರ್ಖಾನೆಯಲ್ಲಿ ಉಳಿಯಿತು, ಕೊಳೆ ಯಾರದೋ ಬಾವಿಗೆ ಹೋಯಿತು.

ಮತ್ತೆ ಆ ಬಾವಿಕಟ್ಟೆ ನೆನಪಾಗುತ್ತದೆ. ನೀರು ಶೋಧಿಸಿದ ಮೇಲೆ ಆ ಹಿರಿಯರು ಬಟ್ಟೆಯನ್ನು ಕೊಡವಿ ಎಸೆಯುತ್ತಿರಲಿಲ್ಲ. ಮಗುಚಿ ಹಿಡಿದು, ಶೋಧಿಸಿದ ನೀರನ್ನೇ ಅದರ ಮೇಲೆ ಹೊಯ್ದು, ಬಟ್ಟೆಗೆ ಅಂಟಿದ ಸಣ್ಣ ಜೀವಗಳನ್ನು ಒಂದು ಪಾತ್ರೆಗೆ ಇಳಿಸಿ, ಆ ಪಾತ್ರೆಯನ್ನು ಹಗ್ಗದಲ್ಲಿ ಮೆಲ್ಲಗೆ ಬಾವಿಯೊಳಕ್ಕೆ ಬಿಟ್ಟು, ನೀರಿಗೆ ತಾಗುವವರೆಗೆ ಕಾದು ಬಗ್ಗಿಸುತ್ತಿದ್ದರು. ಸೇದಿದ ಬಾವಿಗೇ ಸೇರಬೇಕು, ಬೇರೆ ಬಾವಿಗೂ ಅಲ್ಲ. ಕುಡಿಯುವ ನೀರಿಗೆ ಹಿಡಿಯುತ್ತಿದ್ದ ಹೊತ್ತಿಗಿಂತ ಇದಕ್ಕೇ ಹೆಚ್ಚು ಹೊತ್ತು. ಆಗ ನನಗೆ ಅದು ಬಾಯಾರಿಕೆಗೆ ಅಡ್ಡ ಬರುವ ಶಾಸ್ತ್ರ ಅನ್ನಿಸಿತ್ತು. ಇದ್ದಿಲು, ಅಲ್ಯೂಮಿನಾ, ಜರಡಿಗಳ ನಡುವೆ ಕೂದಲು ನರೆತ ಮೇಲೆ ಗೊತ್ತಾಗಿದೆ, ಅವರ ಕೆಲಸ ಇನ್ನೂ ಮುಗಿದಿರಲಿಲ್ಲ ಎಂದು.