ಅಲೆಗಳನ್ನು ಸೋಸುವ ವಿದ್ಯೆ

(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನಮ್ಮ ಮನೆಗಳ ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಕೆಳಗಿಳಿಯುತ್ತದೆ, ಪುಡಿ ಮೇಲೆಯೇ ಉಳಿಯುತ್ತದೆ. ರೇಡಿಯೋ ಅಲೆಗಳಿಗೂ ಇಂಥದೇ ಫಿಲ್ಟರ್ ಬೇಕು. ಜಯನಗರದ ಯಾವ ಮನೆಯಲ್ಲಿ ನಿಂತರೂ ಮೊಬೈಲ್, ವೈಫೈ, ಬ್ಲೂಟೂತ್ ಅಲೆಗಳು ಒಟ್ಟಿಗೇ ಹರಿದಾಡುತ್ತಿರುತ್ತವೆ. ಒಂದಕ್ಕೆ ಇನ್ನೊಂದು ಅಡ್ಡ ಬರದಂತೆ ಸೋಸುವುದೇ ಮೈಕ್ರೋವೇವ್ ಫಿಲ್ಟರಿನ ಕೆಲಸ.

2002ರಲ್ಲಿ ಅಮೆರಿಕದ ಸಂಪರ್ಕ ಆಯೋಗವು 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ವಿಶಾಲ ಪಟ್ಟಿಯನ್ನು ‘ಅಲ್ಟ್ರಾ ವೈಡ್‌ಬ್ಯಾಂಡ್’ ಬಳಕೆಗೆ ತೆರೆಯಿತು. ಷರತ್ತು ಕಠಿಣ: ಪ್ರತಿ ಮೆಗಾಹರ್ಟ್ಸ್‌ಗೆ ಸುಮಾರು 75 ನ್ಯಾನೋವ್ಯಾಟ್‌ಗಿಂತ ಹೆಚ್ಚು ಶಕ್ತಿ ಹೊರಡಬಾರದು. ಆದರೆ ಅದೇ ಪಟ್ಟಿಯ ನಡುವೆ, 5.15ರಿಂದ 5.85ರ ಆಸುಪಾಸಿನಲ್ಲಿ, ಅದಕ್ಕಿಂತ ಎಷ್ಟೋ ಪಟ್ಟು ಬಲವಾದ ವೈಫೈ ಕುಳಿತಿದೆ. ಆದ್ದರಿಂದ ಫಿಲ್ಟರ್ ಇಡೀ ಪಟ್ಟಿಯನ್ನು ಹಾದುಹೋಗಲು ಬಿಡಬೇಕು, ನಡುವಿನ ಆ ತುಂಡನ್ನು ಮಾತ್ರ ತಡೆಯಬೇಕು.

ತಡೆಯುವುದು ಹೇಗೆ? ಬೋರ್ಡಿನ ಮೇಲೆ ಅಲೆ ಸಾಗುವ ತಾಮ್ರದ ದಾರಿಗೆ ಒಂದು ಕವಲು ಜೋಡಿಸಿ, ಅದರ ತುದಿಯನ್ನು ಹಾಗೆಯೇ ತೆರೆದು ಬಿಡಿ. ಕವಲಿನ ಉದ್ದ ತರಂಗಾಂತರದ ಕಾಲು ಭಾಗವಿರಲಿ. ಒಳಹೊಕ್ಕ ಅಲೆ ತುದಿ ಮುಟ್ಟಿ ಮರಳುವಾಗ ಅರ್ಧ ತರಂಗಾಂತರ ಕ್ರಮಿಸಿರುತ್ತದೆ. ಹಾಗಾಗಿ ಎದುರಿನಿಂದ ಬರುವ ಅಲೆಗೆ ವಿರುದ್ಧವಾಗಿ ನಿಂತು ಅದನ್ನು ಅಳಿಸುತ್ತದೆ. ಸಾಮಾನ್ಯ ಎಫ್‌ಆರ್-4 ಬೋರ್ಡಿನಲ್ಲಿ 5.5 ಗಿಗಾಹರ್ಟ್ಸ್‌ಗೆ ಈ ಉದ್ದ ಸುಮಾರು ಏಳೂವರೆ ಮಿಲಿಮೀಟರ್.

ವಿದ್ಯಾರ್ಥಿಯಾಗಿದ್ದಾಗ ಬನಶಂಕರಿಯ ಬಾಡಿಗೆ ಕೋಣೆಯಲ್ಲಿ ಕುಳಿತು ನಾನೂ ಇದೇ ಲೆಕ್ಕ ಹಾಕಿದ್ದೆ. ಕಂಪ್ಯೂಟರಿನಲ್ಲಿ ಬರೆದು, 1.6 ಮಿಲಿಮೀಟರ್ ದಪ್ಪದ ಬೋರ್ಡ್ ಮಾಡಿಸಿ ಅಳೆದು ನೋಡಿದರೆ ತಡೆ ಬಿದ್ದಿದ್ದು 5.1ರಲ್ಲಿ! ವೈಫೈನ ಬಹುಭಾಗ ತಡೆಯಿಲ್ಲದೆ ನುಗ್ಗುತ್ತಿತ್ತು. ತಪ್ಪು ನನ್ನದೇ. ತೆರೆದ ತುದಿಯಿಂದ ವಿದ್ಯುತ್ ಕ್ಷೇತ್ರ ಸ್ವಲ್ಪ ಹೊರಚಾಚುತ್ತದೆ; ಅಂಥ ಬೋರ್ಡಿನಲ್ಲಿ ಕವಲು ಸುಮಾರು 0.6 ಮಿಲಿಮೀಟರ್ ಹೆಚ್ಚು ಉದ್ದವಿದ್ದಂತೆ ವರ್ತಿಸುತ್ತದೆ. ಅದನ್ನು ನಾನು ಕಳೆದಿರಲಿಲ್ಲ. ‘ಸಿದ್ಧ ಪ್ರಾಜೆಕ್ಟ್ ಕೊಂಡುಬಿಡು’ ಎಂದರು ಗೆಳೆಯರು. ಎರಡನೆಯ ಬೋರ್ಡಿಗೆ ಕೈಯಲ್ಲಿ ಕಾಸಿರಲಿಲ್ಲ. ಬ್ಲೇಡಿನಿಂದ ತಾಮ್ರವನ್ನು ಚೂರುಚೂರೇ ಕೆರೆದೆ, ಮತ್ತೆ ಮತ್ತೆ ಅಳೆದೆ. ತಡೆ ಮೇಲೇರುತ್ತ 5.5ಕ್ಕೆ ಬಂದು ನಿಂತ ಆ ಸಂಜೆ ನಾನು ಎಂಜಿನಿಯರ್ ಆದೆ. ಪದವಿ ಪತ್ರ ಬಂದದ್ದು ಆಮೇಲೆ.

ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರು ರಾಜೇಶ್ವರಿ ಚಟರ್ಜಿ (1922–2010). ಕರ್ನಾಟಕದವರು, ಗಣಿತ ಓದಿದವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಪ್ರಯೋಗಾಲಯ ಕಟ್ಟಿ, ಅಲ್ಲಿಯೇ ಪಾಠ ಹೇಳಿದರು. ಆ ಸಂಸ್ಥೆಯ ಮೊದಲ ಮಹಿಳಾ ಎಂಜಿನಿಯರ್ ಅವರು. ‘ಹಾರ್ಡ್‌ವೇರ್ ಹುಡುಗರಿಗೆ’ ಎನ್ನುವವರಿಗೆ ಈ ಹೆಸರು ಹೇಳಿ.

ವಿದ್ಯಾರ್ಥಿಗಳೇ, ಅಳತೆ ತಪ್ಪು ಬಂದರೆ ಮುಚ್ಚಿಡಬೇಡಿ. ಏಕೆ ತಪ್ಪಿತು ಎಂದು ಹುಡುಕಿ. ಪಾಠ ಇರುವುದೇ ಅಲ್ಲಿ. ಹಿರಿಯರಲ್ಲಿ ನನ್ನದೊಂದು ಮನವಿ: ಶುಲ್ಕಕ್ಕೆ ನೆರವು ಕೊಡುತ್ತಿದ್ದೀರಿ, ಬಹಳ ಸಂತೋಷ. ಅದರ ಜೊತೆಗೆ ಎರಡನೆಯ ಬೋರ್ಡಿನ ಖರ್ಚನ್ನೂ ಸೇರಿಸಿ ಕೊಡಿ. ಮೊದಲನೆಯದು ಎಲ್ಲರಿಗೂ ತಪ್ಪುತ್ತದೆ. ಎರಡನೆಯದಕ್ಕೆ ದುಡ್ಡಿಲ್ಲದವನು ಸಿದ್ಧ ಪ್ರಾಜೆಕ್ಟಿನ ಅಂಗಡಿಗೆ ಹೋಗುತ್ತಾನೆ.